ಎರಡು ವಾರದ ಊಟ, ರಕ್ತದಲ್ಲಿ ಬದಲಾವಣೆ: ಆಫ್ರಿಕಾದ ಹಳೆಯ ಅಡುಗೆ ಸುದ್ದಿಯಾಗಿದ್ದು ಯಾಕೆ?

2025ರ ಏಪ್ರಿಲ್‌ನಲ್ಲಿ ಟಾಂಜಾನಿಯಾದಿಂದ ಒಂದು ಸುದ್ದಿ ಬಂತು. ಕಿಲಿಮಂಜಾರೊ ಸೀಮೆಯ ಕೆಲವು ಯುವಕರು ಎರಡು ವಾರ ತಮ್ಮ ಹಿರಿಯರ ಊಟಕ್ಕೆ ಮರಳಿದರು. ಅವರ ರಕ್ತದಲ್ಲಿ ಉರಿಯೂತದ ಲಕ್ಷಣಗಳು ಇಳಿದವು. ಹಳ್ಳಿ ಊಟ ಬಿಟ್ಟು ಪೇಟೆ ಊಟ ಮಾಡಿದವರಲ್ಲಿ ಅವೇ ಲಕ್ಷಣಗಳು ಏರಿದವು. ಬಾಳೆಹಣ್ಣಿನ ಬಿಯರ್ ಕುಡಿದವರಲ್ಲೂ ಒಳ್ಳೆಯ ಬದಲಾವಣೆ ಕಂಡಿತು ಅಂತ ಸುದ್ದಿ ಹೇಳಿತು.

ಓದಿದವರಿಗೆ ಗೊಂದಲವಾದದ್ದು ಸಹಜ. ಬಿಯರ್ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದಾ? ಆಫ್ರಿಕಾ ಅಂದರೆ ಹಸಿವು, ಸೊರಗಿದ ಮಕ್ಕಳು ಅಂತ ತಾನೇ ಇಷ್ಟು ವರ್ಷ ತೋರಿಸಿದ್ದು, ಈಗ ಅಲ್ಲಿನ ಊಟವೇ ಮಾದರಿ ಅಂದರೆ ಹೇಗೆ? ಅಷ್ಟು ಒಳ್ಳೆಯ ಊಟವಾಗಿದ್ದರೆ ಅಲ್ಲಿನ ಜನರೇ ಅದನ್ನು ಯಾಕೆ ಬಿಡುತ್ತಿದ್ದಾರೆ? ಈ ಮೂರನೇ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಆದರೆ ಅಲ್ಲಿಗೆ ಹೋಗುವ ಮೊದಲು ಪ್ರಯೋಗ ಏನು ಹೇಳಿತು, ಏನು ಹೇಳಲಿಲ್ಲ ಅಂತ ನೋಡೋಣ.

ಪ್ರಯೋಗದಲ್ಲಿ ನಡೆದದ್ದೇನು?

ಮೋಶಿ ಪಟ್ಟಣದ ಕೆಸಿಎಂಸಿ ವಿಶ್ವವಿದ್ಯಾಲಯ ಮತ್ತು ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವೈದ್ಯಕೀಯ ಕೇಂದ್ರ ಸೇರಿ ಈ ಅಧ್ಯಯನ ಮಾಡಿದವು. ಅದು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 77 ಮಂದಿ. ಎಲ್ಲರೂ ಗಂಡಸರು, ಎಲ್ಲರೂ ಆರೋಗ್ಯವಂತ ಯುವಕರು. ಕೆಲವರು ಹಳ್ಳಿಯವರು, ಕೆಲವರು ಪೇಟೆಯವರು.

ಹಳೆಯ ಪದ್ಧತಿಯ ಊಟ ಮಾಡುತ್ತಿದ್ದವರಿಗೆ ಎರಡು ವಾರ ಪಾಶ್ಚಾತ್ಯ ಶೈಲಿಯ ಊಟ ಕೊಟ್ಟರು. ಪೇಟೆ ಊಟದವರಿಗೆ ಹಳೆಯ ಊಟ ಕೊಟ್ಟರು. ಅಂದರೆ ಸೊಪ್ಪು, ಕಾಳು, ಬಾಳೆಕಾಯಿ, ತವುಡು ತೆಗೆಯದ ಧಾನ್ಯ, ಹುಳಿ ಬರಿಸಿದ ಆಹಾರ. ಮೂರನೇ ಗುಂಪು ಒಂದು ವಾರ ಬಾಳೆಹಣ್ಣಿನ ಹುಳಿ ಪಾನೀಯ ಕುಡಿಯಿತು. ಹತ್ತು ಜನ ಹೋಲಿಕೆಗಾಗಿ ತಮ್ಮ ಮಾಮೂಲಿ ಊಟವನ್ನೇ ಮುಂದುವರಿಸಿದರು.

ಪೇಟೆ ಊಟಕ್ಕೆ ಹೋದವರಲ್ಲಿ ಉರಿಯೂತ ಸೂಚಿಸುವ ಪ್ರೋಟೀನುಗಳು ಹೆಚ್ಚಾದವು. ಅಷ್ಟೇ ಅಲ್ಲ, ರೋಗಾಣುಗಳು ಎದುರಾದಾಗ ಅವರ ರೋಗನಿರೋಧಕ ಕಣಗಳು ಮೊದಲಿನಷ್ಟು ಚುರುಕಾಗಿ ಸ್ಪಂದಿಸಲಿಲ್ಲ. ಹಳೆಯ ಊಟಕ್ಕೆ ಬಂದವರಲ್ಲಿ ಹೆಚ್ಚಾಗಿ ಇದಕ್ಕೆ ವಿರುದ್ಧವಾದ ಬದಲಾವಣೆ ಕಂಡಿತು. ಕೆಲವು ಪರಿಣಾಮಗಳು ನಾಲ್ಕು ವಾರದ ನಂತರವೂ ಉಳಿದಿದ್ದವು.

ಗಾಯವಾದಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ಉರಿಯೂತ. ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ ಅದು. ಆದರೆ ಗಾಯವೇ ಇಲ್ಲದೆ ಸಣ್ಣಗೆ, ವರ್ಷಗಟ್ಟಲೆ ಉರಿಯುತ್ತಲೇ ಇದ್ದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿಯಾಗುತ್ತದೆ. ಅದಕ್ಕೇ ಈ ಫಲಿತಾಂಶಕ್ಕೆ ತೂಕ ಬಂತು.

ಮಿತಿಗಳನ್ನೂ ಹೇಳಲೇಬೇಕು. ಹೆಂಗಸರಿಲ್ಲ, ವಯಸ್ಸಾದವರಿಲ್ಲ, ರೋಗಿಗಳಿಲ್ಲ. ಎರಡು ವಾರದಲ್ಲಿ ರಕ್ತದ ಸೂಚಕಗಳು ಬದಲಾದವು ಅಂದರೆ ಇಪ್ಪತ್ತು ವರ್ಷದ ನಂತರದ ಕಾಯಿಲೆ ತಪ್ಪಿತು ಅಂತ ಅರ್ಥವಲ್ಲ. ‘ಆಫ್ರಿಕಾದ ಊಟ ರೋಗ ಗುಣಪಡಿಸುತ್ತದೆ’ ಅಂತ ಯಾರಾದರೂ ಈ ಅಧ್ಯಯನ ತೋರಿಸಿ ಹೇಳಿದರೆ ನಂಬಬೇಡಿ.

ಆ ‘ಬಿಯರ್’ ಒಳಗೇನಿದೆ?

ಸುದ್ದಿಯಲ್ಲಿ ಬಿಯರ್ ಅಂತ ಬಂದದ್ದರ ಹೆಸರು ‘ಮ್ಬೆಗೆ’. ಕಿಲಿಮಂಜಾರೊ ಬೆಟ್ಟದ ಚಗ್ಗಾ ಜನರ ಪಾನೀಯ. ಬಾಟಲಿ ಬಿಯರಿನ ಜೊತೆ ಹೋಲಿಸಿದರೆ ತಪ್ಪು ಕಲ್ಪನೆ ಬರುತ್ತದೆ.

ಚೆನ್ನಾಗಿ ಕಳಿತ ಬಾಳೆಹಣ್ಣನ್ನು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬಣ್ಣ ಕೆಂಪು ಮಿಶ್ರಿತ ಕಂದಾಗುತ್ತದೆ. ಅದನ್ನು ಹುಳಿಯಲು ಬಿಡುತ್ತಾರೆ. ಇನ್ನೊಂದು ಕಡೆ ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಗಂಜಿ ಕಾಯಿಸುತ್ತಾರೆ. ಎರಡನ್ನೂ ಬೆರೆಸುತ್ತಾರೆ. ಕಹಿಗಾಗಿ ‘ಮ್ಸೆಸೆವೆ’ ಅನ್ನುವ ಮರದ ತೊಗಟೆ ಹಾಕುತ್ತಾರೆ. ಸೋರೆ ಬುರುಡೆಯಲ್ಲಿ ಕುಡಿಯುವ ಈ ಪಾನೀಯ ಮಂದವಾಗಿರುತ್ತದೆ, ಹುಳಿಯಾಗಿರುತ್ತದೆ, ತಳದಲ್ಲಿ ಹಿಟ್ಟಿರುತ್ತದೆ. ಮದುವೆಗೂ ಬೇಕು, ಜಗಳ ರಾಜಿಯಾದಾಗಲೂ ಬೇಕು.

ಮೊಳಕೆ ಬರಿಸುವ ಆ ಧಾನ್ಯ ಯಾವುದು ಗೊತ್ತಾ? ರಾಗಿ.

ಅಂದರೆ ಅದರಲ್ಲಿ ಮದ್ಯಾಂಶದ ಜೊತೆಗೆ ರಾಗಿಯ ನಾರು, ಹಣ್ಣಿನ ಸತ್ವ, ಹುಳಿ ಬರಿಸುವ ಸೂಕ್ಷ್ಮಜೀವಿಗಳು ಎಲ್ಲ ಇವೆ. ಒಳ್ಳೆಯದಾಗಿದ್ದು ಯಾವುದರಿಂದ ಅಂತ ಬಿಡಿಸಿ ಹೇಳುವುದು ಕಷ್ಟ. ಸಂಶೋಧಕರು ಮದ್ಯ ಕುಡಿಯಿರಿ ಅಂತ ಹೇಳಿಲ್ಲ. ಗಮನ ಇರಬೇಕಾದದ್ದು ಹುಳಿ ಬರಿಸುವ ವಿದ್ಯೆಯ ಮೇಲೆ. ಪೂರ್ವ ಆಫ್ರಿಕಾದಲ್ಲಿ ‘ಉಜಿ’ ಅನ್ನುವ ಗಂಜಿ ಇದೆ. ಅದನ್ನು ರಾಗಿ ಹಿಟ್ಟಿನಿಂದಲೂ ಮಾಡುತ್ತಾರೆ. ರಾತ್ರಿ ಕಲಸಿಟ್ಟು ಹುಳಿ ಬಂದ ಮೇಲೆ ಕಾಯಿಸುವುದೂ ಉಂಟು. ಅಂಬಲಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಹತ್ತು ವರ್ಷ ಹಿಂದಿನ ಅದಲುಬದಲು

ಇಂಥ ಪ್ರಯೋಗ ಇದೇ ಮೊದಲಲ್ಲ. 2015ರಲ್ಲಿ ಸ್ಟೀಫನ್ ಒಕೀಫ್ ಅನ್ನುವ ಸಂಶೋಧಕ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಅಮೆರಿಕನ್ನರ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನರ ಊಟವನ್ನು ಎರಡು ವಾರ ಅದಲುಬದಲು ಮಾಡಿದ್ದರು. ಅಮೆರಿಕದವರು ದಿನಕ್ಕೆ ಸುಮಾರು 14 ಗ್ರಾಂ ನಾರು ತಿನ್ನುತ್ತಿದ್ದರು, ಅದು 55 ಗ್ರಾಂಗೆ ಏರಿತು. ಆಫ್ರಿಕಾದವರದ್ದು 66ರಿಂದ 12 ಗ್ರಾಂಗೆ ಇಳಿಯಿತು. ಕೊಬ್ಬು ಅಮೆರಿಕದವರಲ್ಲಿ ಇಳಿಯಿತು, ಆಫ್ರಿಕಾದವರಲ್ಲಿ ಮೂರು ಪಟ್ಟಿಗೂ ಜಾಸ್ತಿಯಾಯಿತು.

ಪರಿಣಾಮ ಕರುಳಿನಲ್ಲಿ ಕಂಡಿತು. ನಾರನ್ನು ನಮ್ಮ ಹೊಟ್ಟೆ ಅರಗಿಸುವುದಿಲ್ಲ. ಅದು ದೊಡ್ಡ ಕರುಳಿಗೆ ಹಾಗೇ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರು ತಿಂದು ಬ್ಯುಟಿರೇಟ್ ಅನ್ನುವ ಆಮ್ಲ ಬಿಡುತ್ತವೆ. ಕರುಳಿನ ಒಳಪದರದ ಕಣಗಳು ಶಕ್ತಿಗೆ ನೆಚ್ಚಿಕೊಂಡಿರುವುದು ಹೆಚ್ಚಾಗಿ ಇದನ್ನೇ. ಇದು ಉರಿಯೂತವನ್ನೂ ತಗ್ಗಿಸುತ್ತದೆ. ನಾರು ಕಡಿಮೆಯಾದರೆ ಬ್ಯುಟಿರೇಟ್ ಕಡಿಮೆ. ಕೊಬ್ಬು ಹೆಚ್ಚಾದರೆ ಪಿತ್ತರಸ ಹೆಚ್ಚು, ಅದನ್ನು ಬೇರೆ ಬ್ಯಾಕ್ಟೀರಿಯಾಗಳು ಒಡೆದಾಗ ಕರುಳಿಗೆ ಹಾನಿ ಮಾಡುವ ಪದಾರ್ಥಗಳು ಹುಟ್ಟುತ್ತವೆ. ಎರಡೇ ವಾರದಲ್ಲಿ ಈ ಎರಡೂ ದಿಕ್ಕು ಬದಲಾಗಿದ್ದವು.

ಉಗಾಂಡಾದಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲೇ ಇದರ ಸುಳಿವು ಹಿಡಿದಿದ್ದರು. ಯುರೋಪಿನಲ್ಲಿ ದಿನವೂ ಕಾಣುವ ಕರುಳಿನ ಕಾಯಿಲೆಗಳು ಅಲ್ಲಿನ ಹಳ್ಳಿಗರಲ್ಲಿ ಅಪರೂಪ ಯಾಕೆ ಅಂತ ಕೇಳಿಕೊಂಡು ಅವರು ನಾರಿನ ಕಡೆ ಬೆರಳು ತೋರಿಸಿದರು. ಹೊಗಳಿಕೆ ಬರ್ಕಿಟ್ ಅವರಿಗೆ ಸಂದಿತು. ಅಡುಗೆ ಮಾಡುತ್ತಿದ್ದ ಉಗಾಂಡಾದ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ದಕ್ಷಿಣ ಆಫ್ರಿಕಾದ ಆ ಹಳ್ಳಿಗರ ಮುಖ್ಯ ಆಹಾರ ಮೆಕ್ಕೆಜೋಳವೇ ಆಗಿತ್ತು. ಮೆಕ್ಕೆಜೋಳ ಆಫ್ರಿಕಾದ್ದಲ್ಲ, ಅಮೆರಿಕ ಖಂಡದ್ದು. ಹಾಗಾದರೆ ಆಫ್ರಿಕಾದ ಪರಂಪರೆ ಅನ್ನುವುದು ಯಾವುದು?

ಸಿರಿಧಾನ್ಯ ಹೋಗಿ ಮೆಕ್ಕೆಜೋಳ ಬಂದ ಬಗೆ

ಪೋರ್ಚುಗೀಸರ ಹಡಗುಗಳ ಜೊತೆ 16ನೇ ಶತಮಾನದಲ್ಲಿ ಮೆಕ್ಕೆಜೋಳ ಆಫ್ರಿಕಾಕ್ಕೆ ಬಂತು. ಬಹಳ ಕಾಲ ಅದು ಹಿತ್ತಲ ಬೆಳೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಅದು ರಾಗಿ, ಜೋಳ, ಸಜ್ಜೆಗಳ ಜಾಗ ಹಿಡಿದದ್ದು ಮುಖ್ಯವಾಗಿ 20ನೇ ಶತಮಾನದಲ್ಲಿ.

ಕಾರಣ ಒಂದೆರಡಲ್ಲ. ಗಣಿಗಳಲ್ಲಿ, ಬಿಳಿಯರ ತೋಟಗಳಲ್ಲಿ ಕೂಲಿಗಳಿಗೆ ಪಡಿಯಾಗಿ ಕೊಡುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು. ಗಿರಣಿಗಳು ಅದಕ್ಕೇ ತಯಾರಾದವು. ಮುಂದೆ ಸರ್ಕಾರಗಳ ಗೊಬ್ಬರ, ಹೈಬ್ರಿಡ್ ಬೀಜ, ಖರೀದಿ ಎಲ್ಲವೂ ಅದರ ಸುತ್ತಲೇ ಬೆಳೆದವು. ಒಳ್ಳೆಯ ಮಳೆ ಬಂದರೆ ಇಳುವರಿಯೂ ಜಾಸ್ತಿ.

ಪುಸ್ತಕಗಳಲ್ಲಿ ಕಡಿಮೆ ಕಾಣುವ ಇನ್ನೊಂದು ಕಾರಣ ಹಕ್ಕಿ. ಜೋಳ, ಸಜ್ಜೆಯ ತೆನೆ ಬಯಲಿಗೆ ತೆರೆದುಕೊಂಡಿರುತ್ತದೆ. ಕ್ವೀಲಿಯಾ ಅನ್ನುವ ಗುಬ್ಬಿಯಂಥ ಹಕ್ಕಿಗಳು ಲಕ್ಷಗಟ್ಟಲೆ ಬಂದಿಳಿದರೆ ಹೊಲವೇ ಖಾಲಿ. ಕಾವಲು ಕಾಯುತ್ತಿದ್ದವರು ಮಕ್ಕಳು. ಮಕ್ಕಳು ಶಾಲೆಗೆ ಹೋದರು, ಹೋಗಲೇಬೇಕಿತ್ತು. ಮೆಕ್ಕೆಜೋಳದ ತೆನೆಗೆ ಸಿಪ್ಪೆಯ ಹೊದಿಕೆ ಇದೆ. ಕಾಯುವವರಿಲ್ಲದ ಮನೆ ಅದನ್ನೇ ಬಿತ್ತಿತು. ಹೀಗೆ ಒಂದು ಒಳ್ಳೆಯ ಬದಲಾವಣೆಯಿಂದಲೇ ಇನ್ನೊಂದು ಒಳ್ಳೆಯದು ಕಳೆದುಹೋಯಿತು.

ಮಲಾವಿಯಲ್ಲಿ ‘ಚಿಮಂಗಾ ನ್ದಿ ಮೋಯೊ’ ಅಂತ ಒಂದು ಮಾತಿದೆ. ಮೆಕ್ಕೆಜೋಳವೇ ಬದುಕು ಅಂತ ಅರ್ಥ. ಒಂದೇ ಬೆಳೆಯನ್ನು ನೆಚ್ಚಿದರೆ ಏನಾಗುತ್ತದೆ ಅನ್ನುವುದು 2024ರಲ್ಲಿ ಗೊತ್ತಾಯಿತು. ಎಲ್ ನಿನೊ ಬರದಿಂದ ಮೆಕ್ಕೆಜೋಳ ಒಣಗಿ, ಜಾಂಬಿಯಾ, ಮಲಾವಿ, ಜಿಂಬಾಬ್ವೆ ಒಂದರ ಹಿಂದೆ ಒಂದು ರಾಷ್ಟ್ರೀಯ ವಿಪತ್ತು ಘೋಷಿಸಿದವು.

ಮೇಲಾಗಿ ಗಿರಣಿಯಲ್ಲಿ ತವುಡು, ಮೊಳಕೆಯ ಭಾಗ ಎರಡನ್ನೂ ತೆಗೆದ ಬಿಳಿ ಹಿಟ್ಟು ಪೇಟೆಯಲ್ಲಿ ಪ್ರತಿಷ್ಠೆಯಾಯಿತು. ಜೊತೆಗೆ ಅಗ್ಗದ ಎಣ್ಣೆ, ಸಕ್ಕರೆ, ಸೋಡಾ, ದಿಢೀರ್ ನೂಡಲ್ಸ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಅಂಟುರೋಗವಲ್ಲದ ಕಾಯಿಲೆಗಳಿಂದಾಗುವ ಸಾವಿನ ಪಾಲು 2000ದಲ್ಲಿ ಶೇ 24 ಇತ್ತು, 2019ಕ್ಕೆ ಶೇ 37 ಆಯಿತು. ಇದಕ್ಕೆ ಊಟ ಒಂದೇ ಕಾರಣವಲ್ಲ. ಸಣ್ಣ ಕಾರಣವಂತೂ ಅಲ್ಲ.

ಯಾವುದು ಪರಂಪರೆ? ಮೂರು ವಾದಗಳು

ಒಂದು ವಾದ ಹೀಗಿದೆ: ಹಳೆಯ ಅಡುಗೆಯನ್ನು ಸಂಭ್ರಮದಿಂದ ಮರಳಿ ತರಬೇಕು, ಆರೋಗ್ಯ ತಾನಾಗಿ ಬರುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿರುವ ಓಲ್ಡ್‌ವೇಸ್ ಸಂಸ್ಥೆ 2011ರಲ್ಲಿ ‘ಆಫ್ರಿಕನ್ ಪರಂಪರೆಯ ಆಹಾರ ಪಿರಮಿಡ್’ ರೂಪಿಸಿತು. ಅದರ ಬುಡದಲ್ಲಿರುವುದು ಸೊಪ್ಪು. ಸಂಸ್ಥೆಯ ಅಡುಗೆ ತರಗತಿಗಳು ಆರು ವಾರ ನಡೆಯುತ್ತವೆ. ಜನ ಕೂಡಿ ಅಡುಗೆ ಮಾಡುತ್ತಾರೆ, ಕೂಡಿ ಉಣ್ಣುತ್ತಾರೆ.

ಇದರ ಹಿಂದೆ ನೋವಿನ ಚರಿತ್ರೆ ಇದೆ. ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಅಲಸಂದೆ, ಬೆಂಡೆ, ಜೋಳ, ಆಫ್ರಿಕಾದ ಅಕ್ಕಿ ಅಟ್ಲಾಂಟಿಕ್ ದಾಟಿದವು. ಯಜಮಾನರು ಪಡಿಯಾಗಿ ಕೊಟ್ಟದ್ದು ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು. ಇವೆಲ್ಲ ಸೇರಿ ಹುಟ್ಟಿದ ಅಡುಗೆಗೆ ಮುಂದೆ ‘ಸೋಲ್ ಫುಡ್’ ಅಂತ ಹೆಸರಾಯಿತು. ಇವತ್ತು ವೈದ್ಯರು ಬರೀ ‘ನಿಮ್ಮ ಸಂಪ್ರದಾಯದ ಊಟವೇ ಕೆಟ್ಟದ್ದು, ಬಿಡಿ’ ಅಂದರೆ ಕೇಳುವವರಿಗೆ ಅವಮಾನವಾಗುತ್ತದೆ. ‘ನಿಮ್ಮ ಅಜ್ಜಿಯ ಅಜ್ಜಿ ಉಂಡದ್ದು ಸೊಪ್ಪು, ಕಾಳು’ ಅಂದರೆ ಕಿವಿ ನಿಮಿರುತ್ತದೆ. ಹೇಳುವ ಧಾಟಿ ಬದಲಾದರೆ ಪರಿಣಾಮವೂ ಬದಲಾಗುತ್ತದೆ.

ಎರಡನೇ ವಾದ: ಆಫ್ರಿಕಾದ ಊಟ ಅನ್ನುವ ಒಂದೇ ಊಟವಿಲ್ಲ. 54 ದೇಶಗಳು, ಸಾವಿರಾರು ಭಾಷೆಗಳು. ಸೆನೆಗಲ್‌ನ ಉದಾಹರಣೆ ನೋಡಿ. ಅಲ್ಲಿನ ‘ಚೆಬು ಜೆನ್’, ಅಂದರೆ ಮೀನು ಅನ್ನ, 2021ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿ ಸೇರಿತು. ಅದರಲ್ಲಿ ಬಳಸುವುದು ನುಚ್ಚಕ್ಕಿ. ಫ್ರೆಂಚರು ಸೆನೆಗಲ್‌ನಲ್ಲಿ ಶೇಂಗಾ ಬೆಳೆಸಿ, ತಮ್ಮದೇ ವಸಾಹತಾಗಿದ್ದ ಇಂಡೊಚೀನಾದಿಂದ (ಇಂದಿನ ವಿಯೆಟ್ನಾಂ ಕಡೆಯ ನಾಡು) ನುಚ್ಚಕ್ಕಿ ತಂದು ತುಂಬಿಸಿದ್ದರು. ಸಜ್ಜೆ ಹಿಂದೆ ಸರಿಯಿತು. ಹಾಗಂತ ಆ ಅಡುಗೆ ಸೆನೆಗಲ್‌ನದ್ದಲ್ಲ ಅನ್ನಲಾಗುತ್ತದೆಯೇ? ಖಂಡಿತ ಇಲ್ಲ. ಬಂದದ್ದನ್ನು ಜನ ತಮ್ಮ ಕೈರುಚಿಯಿಂದ ತಮ್ಮದಾಗಿಸಿಕೊಂಡರು. ಆದರೆ ಪರಂಪರೆ ಅಂದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದು ಅಂತಲೂ ಅಲ್ಲ. ಪಶ್ಚಿಮ ಆಫ್ರಿಕಾದಲ್ಲಿ ರುಚಿಗೆ ಹಾಕುತ್ತಿದ್ದದ್ದು ದವದವ ಅಥವಾ ಸುಂಬಲ. ಒಂದು ಮರದ ಬೀಜವನ್ನು ಗಂಟೆಗಟ್ಟಲೆ ಬೇಯಿಸಿ, ತುಳಿದು ಸಿಪ್ಪೆ ಬಿಡಿಸಿ, ಮುಚ್ಚಿಟ್ಟು ಎರಡು ಮೂರು ದಿನ ಹುದುಗು ಬರಿಸಿ ಮಾಡುವ ಕಪ್ಪು ಉಂಡೆ. ಮೂಗಿಗೆ ಬಡಿಯುವ ವಾಸನೆ, ಸಾರಿಗೆ ಹಾಕಿದರೆ ಗಾಢ ರುಚಿ. ಈಗ ಬಹಳ ಮನೆಗಳಲ್ಲಿ ಆ ಜಾಗಕ್ಕೆ ಉಪ್ಪು ತುಂಬಿದ ಮಸಾಲೆ ಕ್ಯೂಬ್ ಬಂದಿದೆ. ಅಡುಗೆಯ ಹೆಸರು ಅದೇ, ಒಳಗಿನದ್ದು ಬೇರೆ.

ಮೂರನೇ ವಾದ ಬಡತನದ್ದು. ಕಾಳು ಬೇಯಲು ಸೌದೆ ಬೇಕು. ರಾಗಿ ಕುಟ್ಟಲು, ಬೀಸಲು ತೋಳು ಬೇಕು. ಆ ತೋಳು ಬಹುಪಾಲು ಹೆಂಗಸರದ್ದು. ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವ ನೈರೋಬಿಯ ತಾಯಿಗೆ ‘ಹಳೆಯ ಅಡುಗೆ ಮಾಡು’ ಅಂದರೆ ಅದು ಇನ್ನೆರಡು ಗಂಟೆ ದುಡಿ ಅಂದಂತೆ. ಜೊತೆಗೆ, ಹಳೆಯ ಕಾಲದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು ಅನ್ನುವುದೂ ಸುಳ್ಳು. ಒಂದೇ ಧಾನ್ಯ ತಿಂದರೆ ಅದು ಎಷ್ಟೇ ಹಳೆಯದಾದರೂ ಸಾಲದು. ದಖ್ಖನ್ ಸೀಮೆಯಲ್ಲಿ ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡವರಲ್ಲಿ ಪೆಲ್ಲಾಗ್ರ ಅನ್ನುವ ಚರ್ಮದ ಕಾಯಿಲೆಯನ್ನು ಹೈದರಾಬಾದಿನ ವೈದ್ಯ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಅಧ್ಯಯನ ಮಾಡಿದ್ದರು. ಮೆಕ್ಕೆಜೋಳವನ್ನೇ ನೆಚ್ಚಿದವರಲ್ಲೂ ಅದೇ ಕಾಯಿಲೆ ಬರುತ್ತದೆ. ಧಾನ್ಯದ ಪಕ್ಕದಲ್ಲಿ ಸೊಪ್ಪು, ಕಾಳು ಇದ್ದಾಗಲೇ ಅದು ಊಟ.

ಈ ಮೂರರಲ್ಲಿ ಮೂರನೆಯದು ಗಟ್ಟಿ ವಾದ. ಆದರೆ ಅದನ್ನು ಒಪ್ಪಿದರೆ ಹಳೆಯ ಊಟ ಬೇಡ ಅಂತ ಆಗುವುದಿಲ್ಲ. ಆ ಊಟದ ಹೊರೆಯನ್ನು ಮನೆಯೊಬ್ಬಳ ತಲೆ ಮೇಲೆ ಹಾಕಬಾರದು ಅಂತ ಆಗುತ್ತದೆ.

ಕೀನ್ಯಾದಲ್ಲಿ ಕಳೆ ತರಕಾರಿಯಾದದ್ದು

ಇದು ಸಾಧ್ಯ ಅನ್ನುವುದಕ್ಕೆ ಕೀನ್ಯಾದ ಸೊಪ್ಪುಗಳೇ ಸಾಕ್ಷಿ. ಮನಾಗು, ತೆರೆರೆ, ಕುಂದೆ, ಮ್ರೆಂಡಾ. ಹೆಸರು ಹೊಸದು, ಆದರೆ ಗಿಡ ನಮಗೆ ಗುರುತಿನವೇ. ಮನಾಗು ಅಂದರೆ ನಮ್ಮ ಗಣಿಕೆ ಸೊಪ್ಪಿನ ಜಾತಿ. ತೆರೆರೆ ಅಂದರೆ ದಂಟಿನ ಜಾತಿ. ಕುಂದೆ ಅಂದರೆ ಅಲಸಂದೆ ಎಲೆ. ವಸಾಹತು ಕಾಲದ ಕೃಷಿ ಪಾಠದಲ್ಲಿ ಇವುಗಳಲ್ಲಿ ಹಲವು ಕಳೆ. ಕೋಸು, ಕೋಸಿನ ಜಾತಿಯ ಕೇಲ್ ಸೊಪ್ಪು ಮಾತ್ರ ತರಕಾರಿ. ಬರಬರುತ್ತ ಜನರೂ ಇದನ್ನು ಬಡವರ ಸೊಪ್ಪು ಅಂದರು.

ಮೇರಿ ಅಬುಕುಟ್ಸಾ ಒನ್ಯಾಂಗೊ ಅನ್ನುವ ತೋಟಗಾರಿಕೆ ಪ್ರಾಧ್ಯಾಪಕಿ ದಶಕಗಳ ಕಾಲ ಈ ಸೊಪ್ಪುಗಳ ಬೆನ್ನು ಹತ್ತಿದರು. ಬಾಲ್ಯದಲ್ಲಿ ಅವರಿಗೆ ಹಾಲು, ಮೊಟ್ಟೆ, ಮೀನು ಒಗ್ಗುತ್ತಿರಲಿಲ್ಲ. ಸೊಪ್ಪು ತಿಂದೇ ಬೆಳೆದರು. ಅವರು ಮಾಡಿದ್ದು ಬರೀ ಪ್ರಚಾರವಲ್ಲ. ರೈತರಿಂದ ಬೀಜ ಸಂಗ್ರಹಿಸಿದರು, ಒಳ್ಳೆಯ ಬೀಜ ಮಾಡಿದರು, ಪೌಷ್ಟಿಕಾಂಶ ಅಳೆದರು. 2010ರಲ್ಲಿ ಆಫ್ರಿಕನ್ ಒಕ್ಕೂಟದ ವಿಜ್ಞಾನ ಪ್ರಶಸ್ತಿ ಅವರಿಗೆ ಬಂತು. ಇತ್ತ 2007ರಿಂದ ಅಲ್ಲಿನ ವಿಜ್ಞಾನಿಗಳು, ಸಮುದಾಯಗಳು ಸೇರಿ ಸುಮಾರು 850 ಸ್ಥಳೀಯ ಸಸ್ಯಗಳನ್ನು ಅವುಗಳ ಊರ ಹೆಸರಿನ ಸಮೇತ ದಾಖಲಿಸಿದರು. 2021ರಲ್ಲಿ ಯುನೆಸ್ಕೊ ಈ ಕೆಲಸವನ್ನು ಒಳ್ಳೆಯ ಸಂರಕ್ಷಣಾ ಮಾದರಿ ಅಂತ ಗುರುತಿಸಿತು. ಈಗ ಮನಾಗು ನೈರೋಬಿಯ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಹೋಟೆಲಿನ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ತಟ್ಟೆಯಲ್ಲೂ ಇರುತ್ತದೆ.

ಆದರೆ ಬೀಜದ ವಿಷಯದಲ್ಲಿ ಅದೇ ದೇಶದ ಕಾನೂನು ಉಲ್ಟಾ ಇತ್ತು. ನೋಂದಣಿಯಾಗದ ಬೀಜವನ್ನು ಮಾರಿದರೆ, ಹಂಚಿಕೊಂಡರೆ ಎರಡು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಶಿಲ್ಲಿಂಗ್‌ವರೆಗೆ ದಂಡ. ಪಕ್ಕದ ಮನೆಗೆ ಒಂದು ಹಿಡಿ ಸೊಪ್ಪಿನ ಬೀಜ ಕೊಟ್ಟರೂ ಅಪರಾಧ ಆಗಬಹುದಿತ್ತು. ಕೆಲವು ಸಣ್ಣ ರೈತರು ಕೋರ್ಟಿಗೆ ಹೋದರು. 2025ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. ಊಟದ ಸುದ್ದಿ, ಬೀಜದ ಸುದ್ದಿ ಬೇರೆ ಬೇರೆ ಪುಟದಲ್ಲಿ ಬಂದವು. ಎರಡೂ ಒಂದೇ ಸುದ್ದಿ.

ನಮ್ಮ ತಟ್ಟೆಯಲ್ಲಿರುವ ಆಫ್ರಿಕಾ

ಕನ್ನಡಿಗರಿಗೆ ಇದು ದೂರದ ಮಾತಲ್ಲ. ರಾಗಿ ಮೊದಲು ಬೆಳೆಯಾದದ್ದು ಇಥಿಯೋಪಿಯಾ, ಉಗಾಂಡಾದ ಎತ್ತರದ ನಾಡಿನಲ್ಲಿ. ಜೋಳ ಸುಡಾನ್ ಕಡೆಯದು. ಸಜ್ಜೆ ಸಹಾರಾ ಅಂಚಿನದು. ಅಲಸಂದೆ, ಹುಣಸೆ, ಹುಚ್ಚೆಳ್ಳು ಕೂಡ ಆಫ್ರಿಕಾ ಮೂಲದವು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ದಕ್ಷಿಣದ ಮುದ್ದೆ, ಜೊತೆಗೆ ಹುಣಸೆ ಹಿಂಡಿದ ಬಸ್ಸಾರು. ಪಶ್ಚಿಮ ಉಗಾಂಡಾದಲ್ಲಿ ‘ಕಾಲೊ’ ಅಂತ ರಾಗಿ ಹಿಟ್ಟು ತೊಳಸಿ ಮಾಡುತ್ತಾರೆ. ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ನಮ್ಮ ಅಣ್ಣೆ ಸೊಪ್ಪನ್ನೇ ನೈಜೀರಿಯಾದ ಯೊರುಬಾ ಜನ ‘ಶೊಕೊ’ ಅಂತ ಬೇಯಿಸುತ್ತಾರೆ.

ನಂಟು ಹಳೆಯದಷ್ಟೇ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಸಿ.ಎಚ್. ಲಕ್ಷ್ಮಣಯ್ಯ ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಹೊಸ ತಳಿಗಳನ್ನು ಕೊಟ್ಟರು. ಹೆಸರು ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ರೈತರು ಬಿತ್ತನೆ ಬೀಜದ ಚೀಲದ ಮೇಲೆ ಈ ಹೆಸರನ್ನು ಓದುತ್ತಲೇ ಬಂದಿದ್ದಾರೆ.

ಮುಂದೆ ಏನಾಗಬಹುದು?

ಮೊದಲನೆಯದು ಬೆಲೆ. ಯಾವುದೋ ಧಾನ್ಯಕ್ಕೆ ‘ಸೂಪರ್ ಫುಡ್’ ಪಟ್ಟ ಸಿಕ್ಕರೆ ಹೊರಗಿನ ಬೇಡಿಕೆ ಏರುತ್ತದೆ, ಬೆಳೆಯುವವರ ಊರಲ್ಲೇ ಅದು ದುಬಾರಿಯಾಗುತ್ತದೆ. ಈ ಭಯದಿಂದಲೇ ಇಥಿಯೋಪಿಯಾ 2006ರಲ್ಲಿ ಟೆಫ್ ಧಾನ್ಯದ ರಫ್ತು ನಿಲ್ಲಿಸಿತು. ಅಲ್ಲಿನ ದಿನನಿತ್ಯದ ಇಂಜೆರಾ ದೋಸೆಗೆ ಟೆಫ್ ಬೇಕೇ ಬೇಕು. ರಫ್ತು ನಿಂತರೆ ರೈತನಿಗೆ ಒಳ್ಳೆಯ ಬೆಲೆ ತಪ್ಪುತ್ತದೆ, ಬಿಟ್ಟರೆ ಪೇಟೆಯ ಬಡವನಿಗೆ ಊಟ ತಪ್ಪುತ್ತದೆ. ಸುಲಭದ ಉತ್ತರ ಇಲ್ಲ.

ಎರಡನೆಯದು ಸರ್ಕಾರಗಳ ಖರೀದಿ. ಶಾಲೆಯ ಬಿಸಿಯೂಟ, ಆಸ್ಪತ್ರೆ, ಪಡಿತರ ಇವು ಯಾವ ಧಾನ್ಯ ಕೊಳ್ಳುತ್ತವೋ ಗಿರಣಿ, ಗೋದಾಮು, ಬೀಜ ಆ ಕಡೆಗೇ ಹರಿಯುತ್ತವೆ. ಮೆಕ್ಕೆಜೋಳ ಗೆದ್ದದ್ದು ಹಾಗೇ. ಕರ್ನಾಟಕದ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವುದನ್ನು ಈ ಕಣ್ಣಿನಿಂದ ನೋಡಬೇಕು. ಒಂದು ಲೋಟದ ಹಿಂದೆ ಬೀಜದಿಂದ ಗಿರಣಿವರೆಗಿನ ಸಾಲು ನಿಲ್ಲುತ್ತದೆ.

ಮೂರನೆಯದು ಜಾಗ. ಚಗ್ಗಾ ಜನರ ಮನೆ ಸುತ್ತಲಿನ ತೋಟಕ್ಕೆ ‘ಕಿಹಂಬಾ’ ಅನ್ನುತ್ತಾರೆ. ಮೇಲೆ ದೊಡ್ಡ ಮರ, ಕೆಳಗೆ ಬಾಳೆ, ಅದರ ಕೆಳಗೆ ಕಾಫಿ, ನೆಲದಲ್ಲಿ ಗೆಡ್ಡೆ. ಪ್ರಯೋಗದಲ್ಲಿ ಒಳ್ಳೆಯದು ಅಂತ ಕಂಡ ಊಟದ ಬಾಳೆ ಬೆಳೆಯುವುದು ಇಂಥ ತೋಟಗಳಲ್ಲಿ. ತಂದೆಯ ತೋಟ ಗಂಡುಮಕ್ಕಳಿಗೆ ಪಾಲಾಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ತುಂಡು ಚಿಕ್ಕದಾಗುತ್ತ ಬಂದು, ಈಗ ಎಷ್ಟೋ ಮನೆಗಳ ಪಾಲಿಗೆ ಉಳಿದಿರುವ ತೋಟ ಒಂದು ಸಂಸಾರದ ಊಟಕ್ಕೂ ಸಾಲುವುದಿಲ್ಲ. ಪಾಲು ಸಾಲದ ಮಗ ಮೋಶಿಗೋ ದಾರ್ ಎಸ್ ಸಲಾಮ್‌ಗೋ ಹೋಗುತ್ತಾನೆ. ಅಲ್ಲಿ ಅವನಿಗೆ ಸುಲಭಕ್ಕೆ ಸಿಗುವುದು ಪೇಟೆ ಊಟ.